ಅಳತೆಗಿಂತ ದೊಡ್ಡ ಉಣ್ಣೆ ಚಪ್ಪಲಿ

ಮೊನ್ನೆ ಹಳೆಯ ಮಂಕಿ ಕ್ಯಾಪೊಂದನ್ನು ಒಗೆಯೋಣವೆಂದು ಬಿಸಿನೀರಿನಲ್ಲಿ ನೆನೆಹಾಕಿದ್ದೆ. ಬಚ್ಚಲ ಬಾಗಿಲು ತೆಗೆದದ್ದೇ ತಡ, ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಎಲ್ಲವನ್ನೂ ಅಲ್ಲೇ ಬಿಟ್ಟು ಅಮ್ಮನ ಕಾಲು ನೋಡಲು ಓಡಿದೆ. ಅವಳು ಹೂ ಕಟ್ಟುತ್ತಾ ಆರಾಮವಾಗಿ ಕೂತಿದ್ದಳು. ಆ ವಾಸನೆಗೆ ನನ್ನ ಎದೆ ಇಂದಿಗೂ ಡವಗುಟ್ಟುತ್ತದೆ... ಜೊತೆಗೇ ನಮ್ಮ ಮಹಡಿ ಮನೆಯ ಅಕ್ಕ ನೆನಪಾಗುತ್ತಾರೆ.

ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಗೆ ಅವರು ಬಾಡಿಗೆಗೆ ಬಂದಾಗ, ಸಕ್ಕರೆ ಕಾಯಿಲೆಯಿಂದ ಅಮ್ಮನ ಪಾದಗಳು ಜೋಮು ಹಿಡಿದುಹೋಗಿದ್ದವು. ಗಾಜು ಚುಚ್ಚಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ದೊಡ್ಡಮ್ಮ ಹೀಗೇ ಒಂದು ಸಣ್ಣ ಗಾಯದಿಂದ ಕಾಲು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡವಳು ನಾನು. ಮನೆಯೊಳಗೂ ಬರಿಗಾಲಲ್ಲಿ ಓಡಾಡಕೂಡದೆಂದು ಡಾಕ್ಟರು ಹೇಳಿದ್ದರು. ಅಮ್ಮ ಕೇಳಬೇಕಲ್ಲ!

“ಚಪ್ಪಲಿ ಮೆಟ್ಕೊಂಡು ದೇವರ ಮನೆಗೆ ಹೋಗ್ಲೇನೇ? ಕಾಲು ಹೋದ್ರೆ ಹೋಗ್ಲಿ ಬಿಡು.”

ಹೋದರೆ ಹೋಗಲಂತೆ! ನಾನು ದಿನಾ ಸಂಜೆ ಟಾರ್ಚ್ ಹಿಡಿದು ಅವಳ ಬೆರಳ ಸಂದಿಗಳನ್ನು ನೋಡುತ್ತಿದ್ದೆ.

ಅಕ್ಕ ಚಳ್ಳಕೆರೆ ಕಡೆಯ ಕಂಬಳಿ ನೇಯುವ ಮನೆತನದವರು. ಕೆಲಸ ಸರ್ಕಾರಿ ಆಫೀಸಿನಲ್ಲಿ. ಅವರ ತಮ್ಮ ಊರಿನಿಂದ ಚೀಲದ ತುಂಬ ಕುರಿಯ ಉಣ್ಣೆ ತಂದು ಕಲಾಸಿಪಾಳ್ಯದಲ್ಲಿ ಇಳಿಯುತ್ತಿದ್ದ. ರಜೆಯ ದಿನ ಅಕ್ಕ ಅದನ್ನು ತಾರಸಿಯಲ್ಲಿ ಹರಡಿ, ಬಿಸಿನೀರು, ಅಂಟುವಾಳದ ನೊರೆ ಹಾಕಿ, ಚಾಪೆಯಲ್ಲಿ ಸುತ್ತಿ, ಮೊಣಕೈಯಿಂದ ಒತ್ತಿ ಒತ್ತಿ ಉರುಳಿಸುತ್ತಿದ್ದರು. ನೂಲೂ ಇಲ್ಲ, ಮಗ್ಗವೂ ಇಲ್ಲ. ಉರುಳಿಸಿದಷ್ಟೂ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ದಪ್ಪವಾಗುತ್ತಿದ್ದವು. ಹಾಗೆ ಮಾಡಿದ ಒಂದು ಜೊತೆ ಚಪ್ಪಲಿಯನ್ನು ಅಮ್ಮನ ಮುಂದಿಟ್ಟರು.

“ಒಂದ್ ಚೂರೂ ಚರ್ಮ ಇಲ್ಲ ಅಮ್ಮ. ಮಡಿಗೆ ಉಣ್ಣೆ ಧಾಬಳಿ ಉಡ್ತೀರಲ್ಲ, ಇದೂ ಅದೇ ಕುರೀದು.”

ಧಾಬಳಿಯನ್ನು ಮೈಲಿಗೆ ಅನ್ನಲಾದೀತೇ? ಅಮ್ಮ ಚಪ್ಪಲಿ ಮೆಟ್ಟಿದಳು. ನಾನು ಉಸ್ಸಪ್ಪಾ ಎಂದು ಉಸಿರು ಬಿಟ್ಟೆ.

ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಬಚ್ಚಲಿಗೆ ಹೋಗಿಬಂದ ಚಪ್ಪಲಿಯಲ್ಲಿ ದೇವರ ಮುಂದೆ ನಿಲ್ಲಲು ಅಮ್ಮನ ಮನಸ್ಸು ಒಪ್ಪಿರಲಿಲ್ಲ. ನಾನು ಮನೆಯಲ್ಲಿಲ್ಲದಾಗ ಅದಕ್ಕೆ ಕುದಿಯುವ ನೀರು ಹುಯ್ದು, ಉಜ್ಜಿ ಒಗೆದು, ಮಡಿ ಮಾಡಿ ಒಣಗಿಸುತ್ತಿದ್ದಳು. ಉಣ್ಣೆ ಕುಗ್ಗುತ್ತಾ ಬಂತು. ಕಾಲು ಹಿಸುಕಿದರೂ ಅವಳಿಗೆ ತಿಳಿಯಲಿಲ್ಲ. ಒಂದು ಸಂಜೆ ಟಾರ್ಚ್ ಬಿಟ್ಟು ನೋಡುತ್ತೇನೆ, ಕಿರುಬೆರಳ ಪಕ್ಕ ಬೊಬ್ಬೆಯೆದ್ದು ಒಡೆದಿದೆ.

ನನ್ನ ಕೂಗಿಗೆ ಅಕ್ಕ ಮಹಡಿಯಿಂದ ಓಡಿಬಂದರು. ಚಪ್ಪಲಿಯನ್ನು ಕೈಗೆತ್ತಿಕೊಂಡು ಒಳಗೆ ಬೆರಳು ತೂರಿಸಿ ನೋಡಿದರು. “ಬಿಸಿನೀರು ಹಾಕಿದ್ರಾ? ಅಯ್ಯೋ, ನಾನೇ ಹೇಳ್ಬೇಕಿತ್ತು.”

ಆಟೋ ಹಿಡಿದು ವಿಶ್ವೇಶ್ವರಪುರದ ಡಾಕ್ಟರ ಬಳಿಗೆ ಹೋದೆವು. ಅವರು ಡ್ರೆಸಿಂಗ್ ಮಾಡಿ, “ನೋಡೋಣ” ಎಂದರು. ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ಗಾಯದ ಅಂಚು ಕಪ್ಪಾಯಿತೇ, ಕೀವು ಕಟ್ಟಿತೇ... ಅಕ್ಕ ದಿನಾ ಆಫೀಸಿಗೆ ಹೊರಡುವ ಮುಂಚೆ ಒಳಗೆ ಬಂದು, ಏನೂ ಕೇಳದೆ ನೆಲದ ಮೇಲೆ ಕೂತು, ಅಮ್ಮನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಇಬ್ಬರದೂ ಒಂದೇ ಭಯ. ಪುಣ್ಯಕ್ಕೆ ಗಾಯ ಮಾಯಿತು.

ಇನ್ನು ಒಗೆಯುವುದಿಲ್ಲವೆಂದು ಅಮ್ಮನಿಂದ ಆಣೆ ಮಾಡಿಸಲು ನಾನು ಹೊರಟೆ. ಅಕ್ಕ ತಡೆದರು. “ಈ ವಯಸ್ಸಲ್ಲಿ ಅವರ ಮಡಿ ಬಿಡ್ಸೋಕಾಗುತ್ತಾ? ಇರಿ, ನಾನ್ ನೋಡ್ಕೋತೀನಿ.”

ಮುಂದಿನ ವಾರ ಭೀಮನ ಕಾಲಿಗಾಗುವಂಥ ಚಪ್ಪಲಿ ಬಂತು. ಅಮ್ಮ ನಕ್ಕು ಸುಸ್ತಾದಳು.

“ಒಗೀರಿ ಅಮ್ಮ, ಎಷ್ಟ್ ಬೇಕಾದ್ರೂ ಒಗೀರಿ. ನಿಮ್ಮಳತೆಗೆ ಕುಗ್ಗಿದ್ಮೇಲೆ ಮೆಟ್ಕೊಳ್ಳಿ. ಬಿಗಿಯಾಯ್ತು ಅಂದ್ರೆ ನನಗ್ ಹೇಳಿ, ಬೇರೆ ಮಾಡ್ತೀನಿ.”

ಆಮೇಲೆ ಹಾಗೆಯೇ ನಡೆಯಿತು. ಅಮ್ಮ ಒಗೆದಳು, ಅಕ್ಕ ಹಿಮ್ಮಡಿಯ ಹಿಂದೆ ಬೆರಳಿಟ್ಟು ಬಿಗಿ ನೋಡಿದರು, ಹೊಸ ಜೊತೆ ಬಂತು.

ಎರಡು ವರ್ಷದ ಹಿಂದೆ ಅಕ್ಕ ಆಫೀಸಿನಲ್ಲೇ ಕುಸಿದುಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ... ಎಲ್ಲದಕ್ಕೂ ಹೆದರುವ ನಾನು ಇದೊಂದಕ್ಕೆ ಮಾತ್ರ ಹೆದರಿರಲಿಲ್ಲ. ಅವರಿಲ್ಲದ ಮನೆ ನನಗಿನ್ನೂ ಅಭ್ಯಾಸವಾಗಿಲ್ಲ.

ಅವರು ಮಾಡಿದ ಕೊನೆಯ ಜೊತೆ, ಒಗೆದೊಗೆದು ಅಮ್ಮನ ಅಳತೆಗೆ ಕುಗ್ಗಿ, ಈಗ ಅವಳ ಕಾಲಲ್ಲಿದೆ. ಇವತ್ತು ಬೆಳಿಗ್ಗೆ ಅದನ್ನು ಮೆಟ್ಟಿಕೊಂಡು ಬಚ್ಚಲಿನಿಂದ ಬಂದವಳು ನೇರ ದೇವರ ಮನೆಗೆ ನಡೆದಳು. “ಒಗೀಲಿಲ್ವೇನಮ್ಮಾ?” ಎಂದೆ.

“ಒಗೆದ್ರೆ ಇದೂ ಚಿಕ್ಕದಾಗ್ಬಿಡುತ್ತೆ ಕಣೇ. ಇನ್ಯಾರು ಮಾಡ್ಕೊಡ್ತಾರೆ?” ಎಂದು ಅಮ್ಮ ದೀಪ ಹಚ್ಚಿದಳು.