ಎರಡನೇ ಸಿಡಿಯೂ ಹಲಸಿನ ಹಪ್ಪಳವೂ

ಎರಡು ವಾರದ ಹಿಂದೆ ಇದೇ ಜಾಗದಲ್ಲಿ ನಾನು ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಲಿನಕ್ಸನ್ನು ಹೊಗಳಿದ್ದು ನಿಮಗೆ ನೆನಪಿರಬಹುದು. ಪುಕ್ಕಟೆ, ವೈರಸ್ ಕಾಟವಿಲ್ಲ, ಇತ್ಯಾದಿ. ಅದೇ ಹುಮ್ಮಸ್ಸಿನಲ್ಲಿ ಹೊಸ ವರ್ಷನ್ ಇನ್‌ಸ್ಟಾಲ್ ಮಾಡಿದೆ. ಬಂದದ್ದು ಎರಡು ಸಿಡಿ, ಕಂಪ್ಯೂಟರ್ ಕೇಳಿದ್ದು ಒಂದನ್ನೇ. ಇನ್ನೊಂದನ್ನು ಬೇಡದ್ದೆಂದು ಮೂಲೆಗೆ ಎಸೆದೆ.

ಮೊನ್ನೆ ನೋಡಿದರೆ ಇಂಟರ್‌ನೆಟ್ ಏಳುತ್ತಿಲ್ಲ. ಏನೋ ಒಂದು ಫೈಲ್ ಇಲ್ಲವಂತೆ. ಸಂಜೆಯೊಳಗೆ ಹೋದ ವಾರದ ಕಾಲಂ ಈಮೇಲ್ ಆಗಬೇಕು. ಇನ್ನೊಮ್ಮೆ ತಡವಾದರೆ ಈ ಜಾಗ ವಾರಭವಿಷ್ಯಕ್ಕೆ ಎಂದು ಸಂಪಾದಕರು ಹೇಳಿಯಾಗಿದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನಮ್ಮ ಕಡೆ ಹೊಸ ಮುಖ ಕಂಡರೆ ಹೆಸರು ಸಾಲದು, "ನೀವು ಯಾರ ಪೈಕಿ?" ಎಂದು ಕೇಳಲೇಬೇಕು. ಲಿನಕ್ಸಿಗೂ ಇದೇ ಚಟ. ಫೈಲ್ ಯಾವ ಪ್ಯಾಕೇಜಿನ, ಅಂದರೆ ಯಾವ ಫೈಲುಗಳ ಕಟ್ಟಿನ, ಪೈಕಿ ಎಂದು ಗೊತ್ತಾಗದೆ ಕೆಲಸ ಮುಂದೆ ಹೋಗದು. ಕೇಳುವುದಕ್ಕೆ ಕಮಾಂಡ್ ಇದೆ. ಕೇಳಿದೆ. ಅಂಥ ಫೈಲೇ ಇಲ್ಲ ಎಂದಿತು. ಇದ್ದಿದ್ದರೆ ನಾನೇಕೆ ಕೇಳುತ್ತಿದ್ದೆ ಮಾರಾಯ್ರೇ?

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ. ಇಂಟರ್‌ನೆಟ್ ಬರಬೇಕಾದರೆ ಆ ಫೈಲ್ ಬೇಕು!

ಹೊನ್ನಾವರದ ಸೈಬರ್‌ನಲ್ಲಿ ಕರೆಂಟಿಲ್ಲ. ಬಸ್ಸು ಹತ್ತಿ ಕುಮಟೆಗೆ ಹೋದೆ. ಹುಡುಕಿ ಹುಡುಕಿ ಕಣ್ಣು ಉರಿ ಬಂತು. ಫೈಲಿನ ಹೆಸರಿಗೂ ಅದರ ಪ್ಯಾಕೇಜಿನ ಹೆಸರಿಗೂ ಸುತಾರಾಂ ಸಂಬಂಧವಿಲ್ಲ. ಅಂತೂ ಪತ್ತೆಯಾಯಿತು. ಅದಿರುವುದು ಎರಡನೇ ಸಿಡಿಯಲ್ಲಿ! ಗೆದ್ದೆ ಎಂದು ಸಿಕ್ಕ ಬಸ್ಸಿಗೆ ವಾಪಸ್. (ಕಾಲಂ ಅನ್ನು ಫ್ಲಾಪಿಯಲ್ಲಿ ಒಯ್ದು ಅಲ್ಲಿಂದಲೇ ಕಳಿಸಬಹುದಿತ್ತಲ್ಲ? ಹೊಳೆದದ್ದು ಹೊನ್ನಾವರದಲ್ಲಿ ಇಳಿದ ಮೇಲೆ.)

ಮನೆಯಲ್ಲಿ ಸಿಡಿ ಇಲ್ಲ. ಹೆಂಡತಿ ಸವಿತಾಳನ್ನು ಕೇಳಿದೆ. ಅವಳು ತಾರಸಿಯತ್ತ ಕೈ ತೋರಿಸಿದಳು. ಮೇಲೆ ಚಾಪೆಯ ತುಂಬ ಹಲಸಿನ ಹಪ್ಪಳ ಒಣಗುತ್ತಿತ್ತು. ಮಧ್ಯದಲ್ಲಿ ನೂಲಿಗೆ ಕಟ್ಟಿದ ನನ್ನ ಸಿಡಿ ಬಿಸಿಲಿಗೆ ಫಳಫಳ ತಿರುಗುತ್ತಿತ್ತು. ಕಾಗೆಗಳು ದೂರದ ತೆಂಗಿನ ಮರದಲ್ಲಿ ಮರ್ಯಾದೆಯಿಂದ ಕೂತಿದ್ದವು.

"ಅದು ಬೇಡದ್ದು ಅಂದೋರು ನೀವೇ ಅಲ್ದಾ?" ಎಂದು ಕೆಳಗಿನಿಂದಲೇ ಕೂಗಿದಳು.

ಬಿಚ್ಚಿಕೊಂಡು ಬಂದೆ, ಲುಂಗಿಯಲ್ಲಿ ಒರೆಸಿ ಹಾಕಿದೆ. ಫೈಲ್ ಸಿಕ್ಕಿತು. ಮೋಡೆಮ್ ಕಿರುಚಿತು, ಕಾಲಂ ಹೋಯಿತು. ವಾರಭವಿಷ್ಯಕ್ಕೆ ಸೋಲು!

ಅಷ್ಟರಲ್ಲಿ ಸವಿತಾ ಕಾಗೆಗಳು ಅರ್ಧ ಖಾಲಿ ಮಾಡಿದ ಚಾಪೆ ಹಿಡಿದು ಕೆಳಗಿಳಿದಳು. ಸಿಟ್ಟು ಮಾಡಲಿಲ್ಲ, ಕಂಪ್ಯೂಟರನ್ನೊಮ್ಮೆ ನೋಡಿದಳು, ಅಷ್ಟೇ.

"ನಿಮ್ಮ ಫೈಲು ಸಿಕ್ತು, ಆತು. ಮಳೆಗಾಲಕ್ಕೆ ಹಪ್ಪಳ ಯಾವ ಸಿಡಿಯಲ್ಲಿ ಸಿಕ್ತದೆ ಅಂತ ಅದ್ರ ಹತ್ರನೇ ಕೇಳಿ."