ಅತ್ತೆಯ ಹೊಂಗೆಗೆ ಬಂದ ಕೆಂಪು

ಸಂಜೆ ಮಂಡ್ಯದ ನಮ್ಮ ಕಚೇರಿಯಿಂದ ಹೊರಬಂದರೆ ಸ್ಕೂಟರಿನ ಸೀಟಿನ ಮೇಲೆಲ್ಲ ಹೊಂಗೆ ಹೂ. ಆ ವಾಸನೆಗೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಯಾಕೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ನನಗೊಂದು ಚಟವಿತ್ತು. ಇಸ್ಪೀಟಿನಂಥ ಮರ್ಯಾದಸ್ಥ ಚಟವಲ್ಲ. ಮರಗಳ ಫೋಟೊ ತೆಗೆದು ಟ್ಯಾಬಿಗೆ ಹಾಕಿಕೊಂಡು ಅದರ ಮೇಲೆ ಬಣ್ಣ ಬಳಿಯುವುದು. ಬಳಿಯುತ್ತಿದ್ದದ್ದು ಒಂದೇ ಚಿತ್ರ: ಹಿಂದೆ ಹಿಮದ ಬೆಟ್ಟ, ಮುಂದೆ ಶರತ್ಕಾಲದ ಕೆಂಪು ಮರ. ನಮ್ಮ ಕಡೆ ಶರತ್ಕಾಲ ಎಂದರೆ ದಸರಾ ರಜೆ. ಗದ್ದೆ ಹಸಿರು, ಕಬ್ಬು ಹಸಿರು, ನಾಲೆಯ ಪಾಚಿಯೂ ಹಸಿರು. ಬೆಟ್ಟ ಎಂದರೆ ಮಳವಳ್ಳಿ ದಾರಿಯಲ್ಲಿ ಬಸ್ಸಿನ ಕಿಟಕಿಗೆ ಕಾಣುವ ಬೋಳು ಗುಡ್ಡ. ಹಿಮವನ್ನು ನಾನು ನೋಡಿದ್ದು ಫ್ರಿಜ್ಜಿನಲ್ಲಿ. ಆದರೂ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ 'ಕಾಶ್ಮೀರವಾ ಸಾರ್?' ಎಂದರೆ, ಒಂದು ಕೈಮುಗಿಯುವ ಗುರುತು ಕಳಿಸಿ ದೊಡ್ಡ ಮನುಷ್ಯನಾಗುತ್ತಿದ್ದೆ.

ಆ ಕಾಶ್ಮೀರ ಅಸಲಿಗೆ ಮಂಡ್ಯದ ಹತ್ತಿರದ ಊರು ಕೊತ್ತತ್ತಿಯ ನಾಲೆ ಏರಿ. ಮರ, ಅಲ್ಲಿಗೆ ಕೊಟ್ಟಿದ್ದ ನಮ್ಮಪ್ಪನ ಅಕ್ಕ ನಿಂಗಮ್ಮತ್ತೆ ಸ್ವಂತ ಕೈಯಲ್ಲಿ ನೆಟ್ಟ ಹೊಂಗೆ. ಟ್ಯಾಬಿನಲ್ಲಿ ಜಾಗ ಸಾಲದೆ ಮೂಲ ಫೋಟೊ ಅಳಿಸಿಬಿಟ್ಟಿದ್ದೆ. ಮರ ಎಲ್ಲಿಗೆ ಹೋಗುತ್ತದೆ, ಬೇಕಾದಾಗ ಇನ್ನೊಂದು ತೆಗೆದರಾಯಿತು ಎಂಬ ಧೈರ್ಯ. ಆರು ತಿಂಗಳಲ್ಲಿ ಏರಿ ಅಗಲ ಮಾಡುವವರು ಬಂದರು. ಮರ ಹೋಯಿತು.

'ನನ್ ಮರದ್ ಪೋಟ ಇಡ್ದಿದ್ಯಲ್ಲ, ತಕಬಾ. ಕಣ್ಣಿಗಾದ್ರೂ ಇರ್ಲಿ' ಎಂದು ಅತ್ತೆ ಹೇಳಿಕಳಿಸಿದಳು. ಹೋಗಿ ಇದ್ದದ್ದನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

'ಇದ್ಯಾವ್ ರೋಗ ಬಂತ್ಲಾ ನನ್ ಮರಕ್ಕೆ? ಕಬ್ಬಿಗೆ ಕೆಂಪುರೋಗ ಬರಾದ್ನ ಕಂಡಿವ್ನಿ. ಒಂಗೆಗೂ ಬರಸ್ಬುಟ್ಯಾ?'

'ಅದು ಶರತ್ಕಾಲ ಅತ್ತೆ.'

'ಯಾವ್ ಕಾಲ್ವಾದ್ರೂ ಆಗ್ಲಿ, ಔಸ್ದಿ ಒಡಿ.'

ಹಸಿರು ಫೋಟೊ ಇಲ್ಲವೆಂದು ಗೊತ್ತಾದ ಮೇಲೆ ಅವಳು ಬೈಯಲಿಲ್ಲ. ಒಳಗೆ ಹೋಗಿ ಕಾಫಿ ಕಾಯಿಸಿ ತಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಬಹಳ ನಾಚಿಕೆಯಾಯಿತು.

ಜಗಲಿಯ ಮೇಲೆ ಕೂತು ಕೆಂಪಿನ ಮೇಲೆ ಹಸಿರು ಬಳಿಯತೊಡಗಿದೆ. ಬೆನ್ನ ಹಿಂದೆ ಅತ್ತೆಯ ಮೇಸ್ತ್ರಿಕೆ.

'ಆ ಕೊಂಬೆ ಇಳ್ಸು. ನಿಮ್ಮಾವ ಅಲ್ಲೇ ಬುತ್ತಿ ನೇತಾಕ್ತಿದ್ದುದ್ದು. ಕೈಗೆ ಎಟುಕ್ಬೇಕು.'

ಮಾವ ತೀರಿಕೊಂಡು ಹತ್ತು ವರ್ಷ. ಆದರೂ ಕೊಂಬೆ ಇಳಿಸಿದೆ, ಬುತ್ತಿಯ ಗಂಟನ್ನೂ ಬರೆದೆ. ಹಿಮದ ಬೆಟ್ಟ ಅಳಿಸಲು ಹೊರಟರೆ ಅತ್ತೆ ತಡೆದಳು.

'ಅದಿರ್ಲಿ ಬುಡು. ತಂಪಾಗದೆ.'

ಚಿತ್ರವನ್ನು ಪ್ರಿಂಟು ತೆಗೆಸಿ, ಕಟ್ಟು ಹಾಕಿಸಿ ಅವಳ ನಡುಮನೆಯಲ್ಲಿ ನೇತುಹಾಕಿದ ಮೇಲೆ ನನ್ನ ಋಣ ಹರಿಯಿತೆಂದುಕೊಂಡಿದ್ದೆ. ಎಲ್ಲಿ! ಈಗ ಸೀಟಿನ ಹೂ ಕೊಡವಲು ಕೈಯೆತ್ತಿದ್ದೇನೆ, ಅತ್ತೆಯ ಫೋನು.

'ಯುಗಾದಿ ಬಂತು. ಎಲ್ರ ಒಂಗೆನೂ ಚಿಗುರ್ಕಂಡವೆ, ನಂದು ಮಾತ್ರ ಅಂಗೇ ನಿಂತದೆ. ಬಂದು ಚಿಗುರು ಆಕ್ಲಾ.'

ಕಟ್ಟು ಹಾಕಿಸಿದ ಮರ ಚಿಗುರುವುದಿಲ್ಲ ಎನ್ನಬಹುದಿತ್ತು. ಆದರೆ 'ಯಾವ ಬಣ್ಣ ಅತ್ತೆ?' ಎಂದೆ.

'ಥೂ, ಅದೂ ಗೊತ್ತಿಲ್ವಾ? ಒಂಗೆ ಎಳೇ ಚಿಗುರು ಕೆಂಪು ಕಣ್ಲಾ!'

ತಲೆಯೆತ್ತಿ ಕಚೇರಿ ಮುಂದಿನ ಹೊಂಗೆಯನ್ನು ನೋಡಿದೆ. ಕೊಂಬೆಯ ತುದಿತುದಿಗೂ ನಸುಗೆಂಪು. ಐದು ವರ್ಷದಿಂದ ಇದೇ ಮರದ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದೇನೆ. ಟ್ಯಾಬು ಚೀಲದಲ್ಲೇ ಇತ್ತು. ಹೂವಿನ ಮೇಲೇ ಕೂತು ಗಾಡಿಯನ್ನು ಕೊತ್ತತ್ತಿ ಕಡೆಗೆ ತಿರುಗಿಸಿದೆ.