ಹಾಡ್ಯಾಡಿ ಅಳುವ ಕಾಳವ್ವ

ಧಾರವಾಡದ ಲಕಮನಹಳ್ಳಿಯ ಕಾರ್ಖಾನೆಗಳ ನಡುವೆ ಪೇಡೆ ತುಂಬುವ ರಟ್ಟಿನ ಡಬ್ಬಿ ಮಾಡುವ ಒಂದು ಸಣ್ಣ ಶೆಡ್ಡು ಇದೆ. ಅಲ್ಲಿ ಕಿಟಕಿಯ ಪಕ್ಕ ಕೂತು ಡಬ್ಬಿ ಮಡಚುವ ಕಾಳವ್ವನನ್ನು ನೋಡಿದವರು ಈಕೆ ನಿದ್ದೆಗಣ್ಣಿನಲ್ಲಿದ್ದಾಳೆ ಅಂದುಕೊಳ್ಳಬೇಕು. ಕೈ ತನ್ನ ಪಾಡಿಗೆ ತಾನು ಮಡಚುತ್ತಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ತುಟಿ ಮಾತ್ರ ಆಡುತ್ತಿರುತ್ತದೆ. ಪಕ್ಕದಲ್ಲಿ ಕೂರುವ ಸಿತಾರಾಗೆ ಇದು ಹೊಸದಲ್ಲ. ತುಟಿ ಆಡುತ್ತಿದೆ ಎಂದರೆ ಯಾವುದೋ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಅವರೀಗ ಬಂದು ಕಾಳವ್ವನ ಎದುರಿಗೆ ಕೂತಿದ್ದಾರೆ ಎಂದು ಅರ್ಥ.

ಹೋದವರ ತಲೆದೆಸೆಯಲ್ಲಿ ಕೂತು, ಅವರು ಉಂಡದ್ದು, ಉಟ್ಟದ್ದು, ಸಿಟ್ಟು ಮಾಡಿದ್ದು ಎಲ್ಲವನ್ನೂ ಅವರಿಗೇ ಹೇಳುತ್ತ ರಾಗವಾಗಿ ಅಳುವುದಕ್ಕೆ ನಮ್ಮ ಕಡೆ ಹಾಡ್ಯಾಡಿ ಅಳುವುದು ಅನ್ನುತ್ತಾರೆ. ಈಗಿನ ಹುಡುಗಿಯರಿಗೆ ಅದು ಬರುವುದಿಲ್ಲ, ಬರುವವರಿಗೆ ನಾಚಿಕೆ. ಹೀಗಾಗಿ ಎಲ್ಲರೂ ಕಾಳವ್ವನಿಗೆ ಹೇಳಿ ಕಳಿಸುತ್ತಾರೆ. ಅವಳಿಗೆ ಅಷ್ಟು ಹೆಸರು ಬಂದದ್ದು ದನಿಯಿಂದಲ್ಲ, ದನಿ ಒಡಕು. ಅವಳ ಅಳುವಿನಲ್ಲಿ ಒಂದು ಮಾತೂ ಸುಳ್ಳಿರುವುದಿಲ್ಲ ಎಂದು ಹೆಸರು. ಜಿಪುಣ ಸತ್ತರೆ ಅವನನ್ನು ದಾನಿ ಮಾಡುವವಳಲ್ಲ ಅವಳು. ಟೆಂಪೋ ಓಡಿಸುತ್ತಿದ್ದ ಗಂಡ ಯಮನಪ್ಪ ಹೋದಾಗ, ಅವನು ಕುಡಿದು ಬಂದು ಬಾಗಿಲಲ್ಲೇ ಬಿದ್ದುಕೊಂಡದ್ದನ್ನೂ, ಬೆಳಗಾದ ಮೇಲೆ ಅದೇ ಬಾಗಿಲಲ್ಲಿ ಅವಳ ಪಾದ ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದದ್ದನ್ನೂ ಒಂದೇ ಉಸಿರಿನಲ್ಲಿ ಹಾಡಿದಳು. ಓಣಿಯ ಹೆಂಗಸರು ಇವತ್ತಿಗೂ ಅದನ್ನು ನೆನೆಸುತ್ತಾರೆ.

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿದ್ದಾಗ ಆ ಸುದ್ದಿ ಬಂತು. ಮಾಳಮಡ್ಡಿಯ ಲೋಹಿತ ಅನ್ನುವವನು ದೂರದ ಒಂದು ದೇಶದಲ್ಲಿ ನಮ್ಮ ರಾಯಭಾರ ಕಚೇರಿಯ ದೊಡ್ಡ ಅಧಿಕಾರಿ. ಕಚೇರಿಯಿಂದ ಹೊರಬಂದು ಕಾರು ಹತ್ತುವಾಗ ಅವನನ್ನು ಯಾರೋ ಗುಂಡಿಕ್ಕಿ ಕೊಂದಿದ್ದರು. ಯಾರು, ಯಾಕೆ ಎಂದು ಆ ದೇಶದ ಪೊಲೀಸರಿಗೇ ಗೊತ್ತಾಗಿರಲಿಲ್ಲ, ಧಾರವಾಡದ ಚಹಾದಂಗಡಿಗಳಿಗೆ ಮಾತ್ರ ಸಂಜೆಯೊಳಗೆ ಎಲ್ಲ ಗೊತ್ತಾಗಿತ್ತು.

ಊರಿಗೆ ಮಂಪರು ಬಡಿದಂತಾಯಿತು. ಜ್ಯುಬಿಲಿ ಸರ್ಕಲ್ಲಿನಲ್ಲಿ ಕಾಲೇಜು ಹುಡುಗರು ಮೇಣದಬತ್ತಿ ಹಚ್ಚಿದರು, ಮಳೆಗೆ ಅವು ಆರಿದಾಗ ಮೊಬೈಲಿನ ಬೆಳಕು ಹಿಡಿದು ನಿಂತರು. ಹುಬ್ಬಳ್ಳಿಯ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಒಬ್ಬರು ಯುದ್ಧವೇ ಆಗಬೇಕು ಅಂದರು, ಇನ್ನೊಬ್ಬರು ಅಂಥ ಊರಿಗೆ ಇವನು ಯಾಕೆ ಹೋಗಬೇಕಿತ್ತು ಅಂದರು. ಎರಡು ಕಾಲೇಜುಗಳು ಅವನು ತಮ್ಮ ವಿದ್ಯಾರ್ಥಿ ಎಂದು ಬ್ಯಾನರ್ ಕಟ್ಟಿದವು. ಆ ಬ್ಯಾನರುಗಳಲ್ಲಿ ಸತ್ತವನಿಗಿಂತ ಶ್ರದ್ಧಾಂಜಲಿ ಕೋರಿದವರ ಮುಖವೇ ದೊಡ್ಡದಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಪ್ರತಿಯೊಬ್ಬರ ಬಳಿಯೂ ಲೋಹಿತನ ಒಂದೊಂದು ಕಥೆ ಹುಟ್ಟಿಕೊಂಡಿತು. ಕೆಲಗೇರಿ ಕೆರೆಯಲ್ಲಿ ಮೀನಿನ ಹಾಗೆ ಈಜುತ್ತಿದ್ದನಂತೆ ಎಂದು ಒಬ್ಬ ಮುದುಕ ಹೇಳಿದ. ದಿನಾ ಸಂಜೆ ನನ್ನ ಗಾಡಿಯ ಚುರುಮುರಿ ಗಿರ್ಮಿಟ್ಟೇ ಬೇಕಿತ್ತು ಎಂದು ಒಬ್ಬ ಟಿವಿಯಲ್ಲಿ ಹೇಳಿದ. ಮಳೆಯ ಮಬ್ಬಿನಲ್ಲಿ ಊರಿನ ತುಂಬ ಲೋಹಿತರೇ ಓಡಾಡುತ್ತಿದ್ದಂತಿತ್ತು.

ಕಾಳವ್ವನನ್ನು ಹುಡುಕಿಕೊಂಡು ಶೆಡ್ಡಿಗೆ ಬಂದವನು ಗುರುಬಸವ. ಮಾಳಮಡ್ಡಿಯಲ್ಲಿ ಯಾರ ಮನೆಯಲ್ಲಿ ಏನಾದರೂ ಮೂಗು ತೂರಿಸುವ, ಚುನಾವಣೆಗೆ ನಿಲ್ಲುವ ಆಸೆಯ ಮನುಷ್ಯ. ಆದರೆ ಅವತ್ತು ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು. ಲೋಹಿತನಿಗೆ ಹೆಂಡತಿ ಮಕ್ಕಳಿಲ್ಲ, ಇರುವವಳು ಅಕ್ಕ ನಾಗರತ್ನಾ ಒಬ್ಬಳೇ. ಸುದ್ದಿ ಬಂದಾಗಿನಿಂದ ಆಕೆಯ ಕಣ್ಣಿನಿಂದ ಒಂದು ಹನಿ ಬಿದ್ದಿಲ್ಲ, ಒಂದು ತುತ್ತು ಒಳಗೆ ಇಳಿದಿಲ್ಲ. ಟಿವಿಯವರು ಗಟ್ಟಿಗಿತ್ತಿ ಅನ್ನುತ್ತಿದ್ದಾರೆ, ಓಣಿಯವರು ಕಲ್ಲು ಅನ್ನುತ್ತಿದ್ದಾರೆ, ಡಾಕ್ಟರು ಮಾತ್ರ ಹೀಗೇ ಬಿಟ್ಟರೆ ಆಕೆಯೂ ಉಳಿಯುವುದಿಲ್ಲ ಅನ್ನುತ್ತಿದ್ದಾರೆ.

"ಹೆಣ ನಾಳಿ ಬರತೈತಿ ಕಾಕು," ಅಂದ ಗುರುಬಸವ. "ಅಕ್ಕೋರನ್ನ ಅಳಿಸೂದು ನಿಮ್ಮ ಕೈಯಾಗ ಐತಿ."

ಅಕ್ಕೋರು ಎಂದರೆ ನಾಗರತ್ನಾ ಟೀಚರು. ಅರ್ಧ ಧಾರವಾಡ ಆಕೆಯ ಶಾಲೆಯಲ್ಲಿ ಅಕ್ಷರ ಕಲಿತಿದೆ, ಗುರುಬಸವನೂ ಕಲಿತವನೇ.

ಕಾಳವ್ವ ಅಂದು ಸಂಜೆ ಮಾಳಮಡ್ಡಿಗೆ ಹೋದಳು. ಮನೆ ತುಂಬ ಜನ. ನಾಗರತ್ನಾ ಅಕ್ಕೋರು ನೆಟ್ಟಗೆ ಕುರ್ಚಿಯಲ್ಲಿ ಕೂತು, ಬಂದವರಿಗೆ ಕೂತುಕೊಳ್ಳಲು ಹೇಳುತ್ತಿದ್ದರು. ಒಬ್ಬ ವರದಿಗಾರ ಲೋಹಿತ ಹುಬ್ಬಳ್ಳಿಯಲ್ಲಿ ಹುಟ್ಟಿದವರು ಅಂದಾಗ, ಇಲ್ಲ, ಧಾರವಾಡ ಎಂದು ತಿದ್ದಿದರು. ತಿದ್ದಿದ್ದನ್ನು ಅವನು ಬರೆದುಕೊಂಡನೋ ಇಲ್ಲವೋ ಎಂದೂ ನೋಡಿದರು. ಗೋಡೆಯ ಮೇಲೆ ಒಬ್ಬ ಸಣ್ಣ ವಯಸ್ಸಿನ ಹೆಂಗಸಿನ ಫೋಟೋ ಇತ್ತು. ಅವರ ತಾಯಿ, ಲೋಹಿತ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು, ಆಗಿನಿಂದ ಅಕ್ಕೋರೇ ಸಾಕಿದ್ದು, ಮದುವೆಯನ್ನೂ ಆಗಲಿಲ್ಲ ಎಂದು ಪಕ್ಕದವಳು ಪಿಸುಗುಟ್ಟಿದಳು. ಮಾಳಮಡ್ಡಿಯ ಮಕ್ಕಳಿಗೂ ಗೊತ್ತಿರುವ ಸಂಗತಿ ಅದು.

ಕಾಳವ್ವ ಅಕ್ಕೋರ ಕಾಲ ಬಳಿ ನೆಲದ ಮೇಲೆ ಕೂತು, ತಮ್ಮ ಹೆಂಗಿದ್ದರು ಎಂದು ಕೇಳಿದಳು. ಎಲ್ಲರ ಮನೆಯಲ್ಲೂ ಅವಳು ಕೇಳುವ ಪ್ರಶ್ನೆ ಅದು.

"ಎಲ್ಲಾ ಟಿವಿಯಾಗ ಹೇಳಾಕತ್ತಾರಲ್ಲವಾ," ಅಂದರು ಅಕ್ಕೋರು. ಅಷ್ಟೇ. ಆ ಬಾಯಿ ಬೀಗ ಹಾಕಿದ ಬಾಗಿಲಾಗಿತ್ತು.

ಮರುದಿನ ಮುಂಜಾನೆ ಶೆಡ್ಡಿನಲ್ಲಿ ಡಬ್ಬಿ ಮಡಚುತ್ತ ಕಾಳವ್ವ ಕಣ್ಣು ಅರೆಮುಚ್ಚಿದಳು. ಯಾರೂ ಬರಲಿಲ್ಲ. ಉಳಿದವರೆಲ್ಲ ಹೀಗೆ ಕೂತರೆ ತಾವಾಗಿಯೇ ಬರುತ್ತಿದ್ದರು, ನೀರು ಕೇಳುತ್ತಿದ್ದರು, ಮೊಣಕಾಲು ನೋವು ಹೇಳಿಕೊಳ್ಳುತ್ತಿದ್ದರು. ಲೋಹಿತನನ್ನು ಕರೆದರೆ ಅವಳು ಎಂದೂ ಕಾಣದ ಒಂದು ಊರು ಕಾಣುತ್ತಿತ್ತು. ಬೂದು ಬಣ್ಣದ ರಸ್ತೆ, ಎಲೆಯಿಲ್ಲದ ಮರಗಳು, ಆ ರಸ್ತೆಯ ತುದಿಯಲ್ಲಿ ಕರಿ ಕೋಟು ಹಾಕಿಕೊಂಡ ಒಬ್ಬ ಮನುಷ್ಯ. ಕೂಗಿದರೆ ತಿರುಗುತ್ತಿರಲಿಲ್ಲ. ಮುಖ ನೋಡೋಣವೆಂದು ಓಡಿದರೆ ರಸ್ತೆಯೂ ಅವಳ ಜೊತೆಗೇ ಓಡುತ್ತಿತ್ತು. ಕಾಳವ್ವನಿಗೆ ಮೊದಲ ಸಲ ಹೆದರಿಕೆಯಾಯಿತು. ಗೊತ್ತಿಲ್ಲದವನಿಗೆ ಅಳುವುದು ಹೇಗೆ? ಕೊನೆಗೆ ಊರಿನವರು ಹೇಳಿದ್ದನ್ನೇ ಒಂದೊಂದಾಗಿ ಹೆಕ್ಕಿ, ಸೆರಗಿನಲ್ಲಿ ಕಟ್ಟಿಕೊಂಡವಳ ಹಾಗೆ ಮಾಳಮಡ್ಡಿಗೆ ನಡೆದಳು.

ಅಂಗಳಕ್ಕೆ ತಗಡು ಹಾಕಿದ್ದರು, ಅದರ ಮೇಲೆ ಮಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಧ್ವಜ ಹೊದಿಸಿದ ಪೆಟ್ಟಿಗೆ ನಡುಮನೆಯಲ್ಲಿತ್ತು. ಪೊಲೀಸರು, ಅಧಿಕಾರಿಗಳು, ಕಿಟಕಿಯಲ್ಲಿ ಕ್ಯಾಮರಾಗಳು, ಗೇಟಿನಿಂದ ರಸ್ತೆಯವರೆಗೂ ಜನ. ಅಕ್ಕೋರು ಪೆಟ್ಟಿಗೆಯ ಪಕ್ಕ ಶಾಲೆಯ ಪ್ರಾರ್ಥನೆಗೆ ನಿಂತವರಂತೆ ನಿಂತಿದ್ದರು. ಕಾಳವ್ವ ತಲೆದೆಸೆಯಲ್ಲಿ ಕೂತಳು, ಸೆರಗು ಹಣೆಯ ತನಕ ಎಳೆದುಕೊಂಡಳು.

"ಕೆಲಗೇರಿ ಕೆರ್ಯಾಗ ಮೀನಿನಂಗ ಈಸಿದೆಲ್ಲೋ ಎಪ್ಪಾ, ಈಗ ಯಾವ ದಂಡಿಗೆ ಹೋಗಿ ಮುಟ್ಟಿದಿ?"

ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ಅಷ್ಟರಲ್ಲಿ ಮೇಲಿನಿಂದ ಒಂದು ಒಣ ದನಿ ಬಂತು.

"ಅವಗ ಈಸಾಕ ಬರ್ತಿದ್ದಿಲ್ಲ."

ಹೆಣದ ಮುಂದೆ ಕಾಳವ್ವನನ್ನು ಯಾರೂ ಯಾವತ್ತೂ ತಿದ್ದಿರಲಿಲ್ಲ. ಅವಳ ಕಿವಿ ಬಿಸಿಯಾದವು, ಎದ್ದು ಹೋಗಿಬಿಡಲೇ ಅನ್ನಿಸಿತು. ಆದರೆ ಅಕ್ಕೋರು ಇನ್ನೂ ಮುಗಿಸಿರಲಿಲ್ಲ.

"ನೀರಂದ್ರ ಅಂಜತಿದ್ದ. ತಲಿಮ್ಯಾಲೆ ತಂಬಿಗಿ ನೀರು ಹಾಕಿದ್ರ ಗಟ್ಟಿ ನನ್ನ ಕೈ ಹಿಡಕೋತಿದ್ದ."

ಹೇಳುವಾಗ ಅಕ್ಕೋರ ಗಲ್ಲ ಒಂದಿಷ್ಟು ನಡುಗಿದ್ದು ಕಾಳವ್ವನಿಗೆ ಕಂಡಿತು. ನೆಲದ ಮೇಲೆ ಕೂತವಳಿಗೆ ಮಾತ್ರ ಕಾಣುವಂಥ ನಡುಕ ಅದು. ಅವಳು ಏಳಲಿಲ್ಲ. ಗಿರ್ಮಿಟ್ಟಿನ ಗಾಡಿಯವನು ಹೇಳಿದ್ದನ್ನು ಹಾಡಿದಳು, ಹಾಡಿನಲ್ಲೇ ಅವನಿಗೆ ಮೇಲೆ ಹಸಿಮೆಣಸಿನಕಾಯಿಯನ್ನೂ ಕಡಿಸಿದಳು.

"ಅವ ಖಾರ ಎಲ್ಲಿ ತಿಂತಿದ್ದ?" ಅಕ್ಕೋರ ದನಿ ಈಗ ಎತ್ತರವಾಗಿತ್ತು. "ಮೆಣಸಿನಕಾಯಿ ಆರಿಸಿ ತಗದು ಕೊಡಬೇಕಿತ್ತು. ನೌಕರಿಗೆ ಹ್ವಾದಮ್ಯಾಲೂ, ಸೂಟಿ ತಗೊಂಡು ಬಂದಾಗೆಲ್ಲ, ನಾನ ಆರಿಸಿ ಕೊಡತಿದ್ದೆ."

ಬಾಗಿಲ ಬಳಿ ಯಾರೋ, ಈ ಅಳುವ ಮುದುಕಿಗೆ ಅರಳುಮರಳು, ಏನೇನೋ ಹಾಡುತ್ತಾಳೆ ಎಂದು ಗೊಣಗಿದರು. ಗುರುಬಸವ ಕ್ಯಾಮರಾ ಕಡೆ ಒಮ್ಮೆ, ಕಾಳವ್ವನ ಕಡೆ ಒಮ್ಮೆ ನೋಡಿ, ಸಾಕು ಮಾಡಬೇಕೆಂದು ಕೈಸನ್ನೆ ಮಾಡಿದ.

ಕಾಳವ್ವ ಕಣ್ಣು ಮುಚ್ಚಿದಳು. ಮೊದಲಿನ ಎರಡು ತಪ್ಪು ಊರಿನವು, ಅವನ್ನು ಅವಳು ನಂಬಿ ತಂದಿದ್ದಳು. ಈಗ ನಾಲಗೆಯ ತುದಿಗೆ ಬಂದು ನಿಂತದ್ದು ಹಾಗಲ್ಲ. ಅದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು, ಅಂಗಳದಲ್ಲಿ ನಿಂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅದನ್ನು ಹಾಡಿದರೆ, ಸುಳ್ಳು ಹೇಳದ ಕಾಳವ್ವ ಎಂಬ ಹೆಸರು ಇವತ್ತಿಗೆ ಮುಗಿಯಿತು. ಸತ್ತವರ ಎದುರಿಗೆ ಬೇಕೆಂದೇ ಸುಳ್ಳಾಡುವುದು ಅವಳ ಮಟ್ಟಿಗೆ ಸಣ್ಣ ಪಾಪವಾಗಿರಲಿಲ್ಲ. ಮಳೆಯ ಸದ್ದಿನೊಳಗೆ ಅವಳಿಗೆ ಮತ್ತೆ ಆ ಬೂದು ರಸ್ತೆ ಕಂಡಿತು. ಈ ಸಲ ಅದರ ನಡುವೆ ನಿಂತವರು ಅಕ್ಕೋರು, ಎತ್ತ ಹೋಗಬೇಕೆಂದು ತಿಳಿಯದೆ, ಬರಿಗಾಲಿನಲ್ಲಿ. ಕಾಳವ್ವ ಬಾಯಿ ತೆರೆದಳು.

"ಹಡದವ್ವನ ತೊಡಿಮ್ಯಾಲೆ ಬೆಳದೆಲ್ಲೋ ಎಪ್ಪಾ, ಹಡದವ್ವನ ಕೈತುತ್ತು ಉಂಡು ದೊಡ್ಡವ ಆದೆಲ್ಲೋ..."

ಜನ ಒಮ್ಮೆಗೇ ಉಸಿರು ಎಳೆದುಕೊಂಡರು. ಈಕೆಗೆ ಇಷ್ಟೂ ಗೊತ್ತಿಲ್ಲವೇ ಎಂದು ಒಬ್ಬಳು ಕೇಳಿಸುವಂತೆಯೇ ಅಂದಳು. ಗುರುಬಸವ ತಲೆಗೆ ಕೈ ಹಚ್ಚಿದ.

"ಹಡದವ್ವ ಎಲ್ಲಿದ್ಲು?" ಅಂದರು ಅಕ್ಕೋರು. ಆಮೇಲೆ ನೆಲಕ್ಕೆ ಕೂತು ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡರು. "ಅವ್ವ ಎಲ್ಲಿದ್ಲೋ ನಿನಗ? ನಾ ಉಣಿಸೇನಿ. ನನ್ನ ತೊಡಿಮ್ಯಾಲೆ ಬೆಳದಿ ನೀ. ಬಾಯಿ ತಗಿ ಲೋಹ್ಯಾ, ಇನ್ನೊಂದ ತುತ್ತು, ಇನ್ನೊಂದ ತುತ್ತು ಅಂತ ಅಂಗಳ ತುಂಬ ನಿನ್ನ ಹಿಂದ ಓಡೇನಿ. ನನ್ನ ಬಿಟ್ಟು ಯಾರ ಊರಾಗ ಹೋಗಿ ಬಿದ್ದೆಲ್ಲೋ ನನ್ನ ಕೂಸ..."

ರಾಗ ತಾನಾಗಿಯೇ ಬಂತು. ಯಾರೂ ಕಲಿಸಿರಲಿಲ್ಲ. ಪೆಟ್ಟಿಗೆಯ ಬಳಿ ನಿಂತಿದ್ದ ಪೊಲೀಸನೊಬ್ಬ ಟೋಪಿ ತೆಗೆದು ಗೋಡೆಯ ಕಡೆ ತಿರುಗಿಕೊಂಡ. ಕಾಳವ್ವ ಸದ್ದಿಲ್ಲದೆ ಸರಿದು ತಲೆದೆಸೆಯ ಜಾಗವನ್ನು ಅಕ್ಕೋರಿಗೆ ಬಿಟ್ಟಳು. ಬೆನ್ನಿಗೆ ಕೈಯಿಟ್ಟು, ಅಕ್ಕೋರು ಹೇಳಿದ ಮಾತಿನ ಕೊನೆಯನ್ನಷ್ಟೇ ಹಿಡಿದು, ಹಿಂದೆ ಹಿಂದೆ ಅಳುತ್ತ ಹೋದಳು. ಸಂಜೆ ಅಕ್ಕೋರು ನೀರು ಕುಡಿದರು, ಮರುದಿನ ಒಂದಿಷ್ಟು ಗಂಜಿ ಉಂಡರು ಎಂದು ಗುರುಬಸವನೇ ಬಂದು ಹೇಳಿ ಹೋದ.

ಊರು ನಿಧಾನವಾಗಿ ಎಚ್ಚರವಾಯಿತು. ಬ್ಯಾನರುಗಳು ಮಳೆಗೆ ನೆನೆದು ಜೋತುಬಿದ್ದವು, ಚಹಾದಂಗಡಿಗಳಿಗೆ ಬೇರೆ ಮಾತು ಸಿಕ್ಕಿತು. ಆದರೆ ಟಿವಿಯಲ್ಲಿ ಬಂದ ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇತ್ತು. ತಾಯಿಯಿಲ್ಲದವನಿಗೆ ತಾಯಿಯ ಕೈತುತ್ತು ಉಣಿಸಿದ ಮುದುಕಿ ಎಂದು ಜನ ನಕ್ಕರು. ನಗುವವರಿಗೇನು, ಬಾಯಿ ಪುಕ್ಕಟೆ. ಗಣಪತಿ ಹಬ್ಬದ ಹೊತ್ತಿಗೆ ಕಾಳವ್ವನ ಪಕ್ಕದ ಓಣಿಯಲ್ಲೇ ಒಬ್ಬ ಮುದುಕಿ ತೀರಿಕೊಂಡಳು. ಕಾಳವ್ವ ಸೀರೆ ಬದಲಿಸಿ ಕಾಯುತ್ತ ಕೂತಳು. ಆ ಮನೆಯವರು ಭಜನೆಯ ಆಡಿಯೋ ಹಾಕಿದರು, ಇವಳಿಗೆ ಹೇಳಿ ಕಳಿಸಲಿಲ್ಲ.

ಸಿತಾರಾಗೆ ಇದನ್ನು ತಡೆಯಲಾಗಲಿಲ್ಲ. ಹೆಣ ಬರುವ ಹಿಂದಿನ ಸಂಜೆಯೇ ಮಾಳಮಡ್ಡಿಯಿಂದ ಬಂದು ಕಾಳವ್ವ ಅವಳಿಗೆ ಆ ಮನೆಯ ಗೋಡೆಯ ಮೇಲಿನ ಫೋಟೋದ ಬಗ್ಗೆ ಹೇಳಿದ್ದಳು. ಓಣಿಯ ಮುದುಕಿ ತೀರಿಕೊಂಡ ಮರುದಿನ ಶೆಡ್ಡಿನಲ್ಲಿ ಕೈಯಲ್ಲಿದ್ದ ಡಬ್ಬಿ ಬಿಟ್ಟು ಸಿತಾರಾ ಅವಳ ಮುಖಕ್ಕೇ ಕೇಳಿದಳು.

"ತಾಯಿ ಇಲ್ಲಂತ ನಿಮಗ ಗೊತ್ತಿತ್ತಲ್ಲಕ್ಕಾ. ಬೇಕಂತನ ಹಂಗ ಹಾಡೇನಿ ಅಂತ ಜನರಿಗೆ ಒಂದ ಮಾತು ಹೇಳಬಾರದ?"

ಕಾಳವ್ವ ಕಣ್ಣೆತ್ತಲಿಲ್ಲ. ಮಡಚಿದ ಡಬ್ಬಿಯನ್ನು ಸಾಲಿನಲ್ಲಿಟ್ಟು ಇನ್ನೊಂದು ರಟ್ಟು ಎಳೆದುಕೊಂಡಳು.

"ಹೇಳಿದ್ರ ಅಕ್ಕೋರ ಕಿವಿಗೂ ಬೀಳತೈತಿ," ಅಂದಳು. "ತಾವಾಗಿ ಅತ್ತೇವಿ ಅಂತ ತಿಳಕೊಂಡಾರ, ಹಂಗ ಇರಲಿ ಬಿಡವಾ."